ಜಗಲಿಯ ಮೇಲೆ ಇನ್ನೊಂದು ಫೋಟೊ

ಪ್ರಶ್ನೆ: ಅಕ್ಕಾ, ನಮ್ಮ ಮನೆಯ ದೇವರ ಜಗಲಿಯ ಮೇಲೆ ಶರಣಬಸಪ್ಪನ ಪಕ್ಕದಲ್ಲಿ ನನ್ನ ಮಗ ಪುನೀತ್ ರಾಜ್‌ಕುಮಾರ್ ಅವರ ಫೋಟೊ ಇಟ್ಟಿದ್ದಾನೆ. ಬೆಳಿಗ್ಗೆ ಮೊದಲ ಊದುಬತ್ತಿ ಅದಕ್ಕೇ. ವಯಸ್ಸು ಇಪ್ಪತ್ತು, ಐಟಿಐ ಮುಗಿಸಿದ್ದಾನೆ. ಗುಡಿಗೆ ಕರೆದರೆ ಬರುವುದಿಲ್ಲ. ಅವರ ಹುಟ್ಟುಹಬ್ಬ ಮಾರ್ಚ್ 17 ಬಂದರೆ ಗೆಳೆಯರೊಂದಿಗೆ ಪಟ್ಟಿ ಎತ್ತಿ ನೂರಾರು ಜನರಿಗೆ ಊಟ ಹಾಕುತ್ತಾನೆ. ರಾತ್ರಿಯಾದರೆ ಮೊಬೈಲಿನಲ್ಲಿ ಬೇರೆ ನಟರ ಅಭಿಮಾನಿಗಳೊಂದಿಗೆ ಜಗಳ, ಬೈಗುಳ ಓದಲಾಗದು. ಫೋಟೊ ತೆಗೆಯಲೇಬೇಕೆಂದು ನಮ್ಮ ಅತ್ತೆಯವರ ಹಟ. ಇದು ಭಕ್ತಿಯೋ ಹುಚ್ಚೋ?
– ಒಬ್ಬ ತಾಯಿ, ಶಹಾಪುರ

ಉತ್ತರ: ತಂಗೀ, ಫೋಟೊ ತೆಗೆಯಬೇಡ. ಅತ್ತೆಯವರು ಕೇಳಿದರೆ ನನ್ನ ಹೆಸರು ಹೇಳು. ಬೈಸಿಕೊಂಡು ನನಗೆ ರೂಢಿಯಿದೆ.

ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಠಸ್ಸೆ ಹೊಡೆದವಳು ನಾನು, ಎಲ್ಲವೂ ಕಲಬುರಗಿ ಜಿಲ್ಲೆಯಲ್ಲಿಯೇ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದನಲ್ಲ, ಅದಾದ ಕೆಲವು ವಾರಗಳಿಗೆ ನನ್ನ ಕೈಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನೀಲಿ ಕಾಗದ, ಮಡಿಕೆಯಲ್ಲಿ ಸಣ್ಣ ಉಬ್ಬು. ವಿಳಾಸ: ‘ರಾಜಣ್ಣನವರ ಮನೆ, ಬೆಂಗಳೂರು’. ಬೀದಿಯಿಲ್ಲ, ಪಿನ್‌ಕೋಡ್ ಇಲ್ಲ. ಮೂಲೆಯಿಂದ ಬಿಳಿ ಪುಡಿ ಉದುರುತ್ತಿತ್ತು. ಬೆರಳಿಗೆ ಹತ್ತಿಸಿಕೊಂಡು ನೋಡಿದೆ, ವಿಭೂತಿ. ಇನ್‌ಲ್ಯಾಂಡಿನೊಳಗೆ ಏನನ್ನೂ ಇಡಕೂಡದು ಎಂಬ ನಿಯಮ ಅದರ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ. ಕಳುಹಿಸಿದವನ ಊರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಪತ್ರವನ್ನು ಯಾರಿಂದಲೋ ಬರೆಸಿ ಹೆಬ್ಬೆಟ್ಟನ್ನು ಮಾತ್ರ ತಾನೇ ಒತ್ತಿದ್ದ. ನಾನು ಅತ್ತಿತ್ತ ನೋಡಿ, ಮೂಲೆಗೆ ಗೋಂದು ಹಚ್ಚಿ, ಠಸ್ಸೆ ಹೊಡೆದು ಬೆಂಗಳೂರಿನ ಚೀಲಕ್ಕೆ ಹಾಕಿದೆ. ಸೇವೆಯಲ್ಲಿ ನಾನು ಬೇಕೆಂದೇ ಮುರಿದ ನಿಯಮ ಅದೊಂದೇ. (ಇನ್ನೊಂದಿದೆ, ಅದನ್ನು ಬರೆಯಲಾರೆ.) ನವೆಂಬರಿನಲ್ಲಿ ಅವರು ಬಿಡುಗಡೆಯಾದಾಗ ಸೆರೆ 108 ದಿನದ್ದೆಂದು ಲೆಕ್ಕ ಸಿಕ್ಕಿತು. ಜಪಮಣಿಯ ಆ ಸಂಖ್ಯೆ ಕೇಳಿ ನಮ್ಮ ಕಚೇರಿಯ ಅರ್ಧ ಮಂದಿ ಕೈಮುಗಿದರು.

ಆ ಹೆಬ್ಬೆಟ್ಟಿನವನು ನಟನನ್ನು ಏನೂ ಬೇಡಿಕೊಂಡಿರಲಿಲ್ಲ, ನೋಡು. ದೇವರ ವಿಭೂತಿಯನ್ನು ನಟನಿಗೆ ಕಳುಹಿಸಿದ್ದ. ಕಾಯುವವನು ಯಾರು, ಕಾಪಾಡಿಸಿಕೊಳ್ಳಬೇಕಾದವನು ಯಾರು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅತ್ತ ರಾಜ್‌ಕುಮಾರ್ ಅವರೋ ಅಭಿಮಾನಿಗಳನ್ನೇ ದೇವರುಗಳೆಂದು ಕರೆಯುತ್ತಿದ್ದವರು. ಇಂಗ್ಲಿಷಿನ ‘ಫ್ಯಾನ್’ ಎಂಬುದು ‘ಫನೆಟಿಕ್’ ಪದದ ತುಂಡು. ಅದರ ಬೇರು ಗುಡಿ ಎಂಬ ಅರ್ಥದ ಲ್ಯಾಟಿನ್ ಪದ ‘ಫಾನುಮ್’. ಗುಡಿಗೆ ಬರುವುದಿಲ್ಲವೆಂದು ನೀನು ಕೊರಗುತ್ತಿರುವ ಮಗ, ಪದದ ಲೆಕ್ಕದಲ್ಲಿ, ಗುಡಿಯ ಪೌಳಿ ಬಿಟ್ಟು ಹೊರಗೆ ಹೋಗಿಯೇ ಇಲ್ಲ.

ಇನ್ನು ಮನುಷ್ಯನ ಫೋಟೊ ಜಗಲಿಯ ಮೇಲೇಕೆ ಎಂಬ ಮಾತು. ಅತ್ತೆಯವರು ಕೈಮುಗಿಯುವ ಶರಣಬಸಪ್ಪನವರು ಯಾರು? ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯ ಒಕ್ಕಲುತನದ ಮನೆಯ ಒಬ್ಬ ಮನುಷ್ಯ. ಹೊಲದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟ, ಬಂದವರಿಗೆಲ್ಲ ದಾಸೋಹ ನಡೆಸಿದ. ನಮ್ಮ ಕಡೆ ದೇವರಾಗುವ ದಾರಿ ಊಟ ಹಾಕುವುದರಿಂದಲೇ ಶುರುವಾಗುತ್ತದೆ. ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ, ತಂದೆಯಂತೆಯೇ ಕಣ್ಣುಗಳನ್ನು ದಾನ ಕೊಟ್ಟು ಹೋದರು. ಅವು ನಾಲ್ವರಿಗೆ ಬೆಳಕಾದವು. ಜನ ಅವರನ್ನು ಜಗಲಿಗೆ ಏರಿಸಿದ್ದು ಕುಣಿತಕ್ಕಲ್ಲ. ಮಾರ್ಚ್ 17ರಂದು ನಿನ್ನ ಮಗ ಸೌಟು ಹಿಡಿದು ನಿಲ್ಲುತ್ತಾನಲ್ಲ, ಆಗ ಅವನು ಅಜ್ಜಿಯ ದೇವರ ಕೆಲಸವನ್ನೇ ಮಾಡುತ್ತಿರುತ್ತಾನೆ. ಇದನ್ನು ಅತ್ತೆಯವರಿಗೆ ಊಟವಾದ ಮೇಲೆ ಹೇಳು, ಮೊದಲೇ ಬೇಡ.

ಆದರೆ ಆ ರಾತ್ರಿಯ ಜಗಳ ನನಗೂ ಹಿಡಿಸಲಿಲ್ಲ. ಹಗಲು ಅನ್ನ ಹಾಕಿದ ಕೈಯೇ ರಾತ್ರಿ ಯಾರದೋ ತಾಯಿಯನ್ನು ಬೈಯುತ್ತದೆ. ಜಗಳದ ವಿಷಯವಾದರೂ ಏನು? ಯಾರ ಸಿನಿಮಾ ಮೊದಲ ವಾರ ಎಷ್ಟು ಕೋಟಿ ಗಳಿಸಿತು ಎಂಬುದು. ಹುಂಡಿಯ ಲೆಕ್ಕವನ್ನು ಭಕ್ತ ಬಾಯಿಪಾಠ ಮಾಡುವ ಧರ್ಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಿನಿಮಾ, ಕ್ರಿಕೆಟ್ ಇವೆಲ್ಲ ಈಗ ಧರ್ಮಕ್ಕೆ ಬದಲಿ ಎಂದು ಓದಿದವರು ಹೇಳುತ್ತಾರೆ. ಬದಲಿ ಎಂದರೆ ನನಗೆ ನೆನಪಾಗುವುದು ಪೋಸ್ಟ್‌ಮ್ಯಾನ್ ರಜೆ ಹಾಕಿದಾಗ ಬರುತ್ತಿದ್ದ ಬದಲಿ ಹುಡುಗ. ಚೀಲ ಅದೇ, ಸೈಕಲ್ ಅದೇ, ಪತ್ರವೂ ಮುಟ್ಟುತ್ತದೆ. ಆದರೆ ಯಾವ ಮನೆಯಲ್ಲಿ ನಿನ್ನೆ ಸಾವಾಗಿದೆ, ಯಾವ ಮುದುಕಿಗೆ ಮನಿಯಾರ್ಡರನ್ನು ಸೊಸೆಯ ಕಣ್ಣಿಗೆ ಬೀಳದಂತೆ ಕೊಡಬೇಕು, ಇದು ಅವನಿಗೆ ತಿಳಿಯದು. ಅದಕ್ಕೆ ವರ್ಷಗಳು ಬೇಕು.

ಹೋಳಿಯ ನಂತರ ಶರಣಬಸಪ್ಪನ ತೇರು ಎಳೆಯುವುದನ್ನು ನೀನು ನೋಡಿರುತ್ತೀ. ಎಲ್ಲರ ಕಣ್ಣು ಕಳಸದ ಮೇಲೆ, ಕೈಯಲ್ಲಿ ಉತ್ತತ್ತಿ, ಬಾಳೆಹಣ್ಣು. ನಾನು ಮಾತ್ರ ಗಾಲಿಯ ಹತ್ತಿರ ನೋಡುತ್ತೇನೆ. ಅಲ್ಲಿ ಮರದ ದಿಮ್ಮಿ ಹಿಡಿದು ಬಗ್ಗಿ ನಡೆಯುವವರು ಇರುತ್ತಾರೆ. ತೇರು ವಾಲಿತೆಂದರೆ, ಓಟ ಹೆಚ್ಚಾಯಿತೆಂದರೆ ಗಾಲಿಗೆ ದಿಮ್ಮಿ ಕೊಡುತ್ತಾರೆ. ಅವರ ಮೇಲೆ ಯಾರೂ ಹಣ್ಣು ಎಸೆಯುವುದಿಲ್ಲ. ಎಷ್ಟು ಜಾತ್ರೆಗಳಲ್ಲಿ ಎಷ್ಟು ಪೆಟ್ಟು ತಿಂದು ಕಲಿತ ವಿದ್ಯೆಯೋ ಅದು. ಹೊಸ ಜಾತ್ರೆಗಳಲ್ಲಿ ಎಳೆಯುವವರೇ ಎಲ್ಲ, ದಿಮ್ಮಿ ಹಿಡಿದವರಿಲ್ಲ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಅವರ ಹುಟ್ಟುಹಬ್ಬಕ್ಕೆ ನಡುರಾತ್ರಿ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಆರ್‌ಸಿಬಿ ಕಪ್ ಗೆದ್ದ ಸಂಭ್ರಮಕ್ಕೆ ಬಂದಿದ್ದ 11 ಜನ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ.

ಆದ್ದರಿಂದ ಮಗನಿಗೆ ಎರಡೇ ಮಾತು ಹೇಳು. ಬ್ಯಾನರ್ ಕಟ್ಟುವ ಮುನ್ನ ತಂತಿ ಎಲ್ಲಿ ಹಾಯ್ದಿದೆ ಎಂದು ತಲೆಯೆತ್ತಿ ನೋಡಬೇಕು. ಐಟಿಐ ಓದಿದವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡನೆಯದು, ಜಗಲಿಯ ಮೇಲಿನ ಫೋಟೊದ ಮುಂದೆ ನಿಂತು ಜೋರಾಗಿ ಓದಲಾಗದ್ದನ್ನು ಮೊಬೈಲಿನಲ್ಲಿ ಬರೆಯಬಾರದು. ಬರೆದರೆ ಮರುದಿನದ ಊದುಬತ್ತಿ ಅತ್ತೆಯವರ ಕೈಗೆ ಹೋಗಲಿ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ಕೊರಿಯಾದ ಬಿಟಿಎಸ್ ತಂಡವೆಂದರೆ ನನಗೆ ಪ್ರಾಣ. ಅವರಲ್ಲೊಬ್ಬನ ಫೋಟೊ ಕಾರ್ಡ್ ನನ್ನ ಮೊಬೈಲ್ ಕವರಿನಲ್ಲಿದೆ. ‘ಕಾಣದ ಊರಿನ ಏಳು ಹುಡುಗರ ಹುಟ್ಟುಹಬ್ಬ ಗೊತ್ತು, ಅಜ್ಜನ ತಿಥಿ ಗೊತ್ತಿಲ್ಲ’ ಎಂದು ಅಪ್ಪ ಹಂಗಿಸುತ್ತಾರೆ. ಅಷ್ಟು ದೂರದವರನ್ನು ಪ್ರೀತಿಸುವುದು ತಪ್ಪೇ?
– ಓದುಗಿ, ಬೀದರ್

ಉತ್ತರ: ಮಗಳೇ, ಅಪ್ಪನನ್ನು ಕರೆದುಕೊಂಡು ಅಷ್ಟೂರಿಗೆ ಹೋಗು. ಊರ ಪಕ್ಕದಲ್ಲೇ ಇದೆ. ಅಲ್ಲಿ ಮಲಗಿರುವ ಬಹಮನಿ ದೊರೆ ಅಹಮದ್ ಶಾಹ್ ತಾನು ಕಾಣದ ಒಬ್ಬರಿಗೆ ಮನಸೋತವನು. ಪರ್ಷಿಯಾದ ಕಿರ್ಮಾನ್ ಕಡೆಯ ಸೂಫಿ ಶಾಹ್ ನಿಮತುಲ್ಲಾ ಅವರನ್ನು ಬೀದರಿಗೆ ಕರೆಯಲು ದೂತರನ್ನೇ ಕಳುಹಿಸಿದ. ಅವರು ಬರಲಿಲ್ಲ, ಕೊನೆಗೆ ಮೊಮ್ಮಗನನ್ನು ಕಳುಹಿಸಿದರು. ದೊರೆ ಆ ಹುಡುಗನನ್ನೇ ತಲೆಯ ಮೇಲೆ ಹೊತ್ತು ಮೆರೆಸಿದ. 1436ರಲ್ಲಿ ತೀರಿಕೊಂಡ ಆ ದೊರೆಯ ಗೋರಿಯ ಒಳಗೋಡೆಯಲ್ಲಿ, ಮಾಸಿದ ಬಣ್ಣಗಳ ನಡುವೆ, ನಿಮತುಲ್ಲಾ ಅವರ ಸಾಲುಗಳು ಈಗಲೂ ಇವೆ. ನಿನ್ನ ಫೋಟೊ ಕಾರ್ಡಿಗಿಂತ ದುಬಾರಿ ಅಭಿಮಾನ. ಸೋಜಿಗವೆಂದರೆ ಅದೇ ದೊರೆಯನ್ನು ನಮ್ಮವರು ಅಲ್ಲಮಪ್ರಭು ಎಂದು ಕರೆದು ಪೂಜಿಸುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ.

2020ರಲ್ಲಿ ನಿನ್ನ ತಂಡ ಅಮೆರಿಕದ ಕಪ್ಪು ಜನರ ಹೋರಾಟಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಾಗ ಅಭಿಮಾನಿಗಳು ಒಂದೇ ದಿನದ ಆಸುಪಾಸಿನಲ್ಲಿ ಅಷ್ಟೇ ಹಣ ಕೂಡಿಸಿದ್ದನ್ನೂ ಅಪ್ಪನಿಗೆ ಹೇಳು. ಅಜ್ಜನ ತಿಥಿಯನ್ನು ಮಾತ್ರ ಇಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ಏಳು ನೆನಪಿಟ್ಟವಳಿಗೆ ಎಂಟನೆಯದು ಭಾರವಲ್ಲ.

ಪ್ರಶ್ನೆ: ಆರ್‌ಸಿಬಿ ಹದಿನೆಂಟನೆಯ ವರ್ಷಕ್ಕೆ ಕಪ್ ಗೆದ್ದಾಗಿನಿಂದ ನನ್ನ ಗಂಡ ಗಾಣಗಾಪುರಕ್ಕೆ ಹೋಗಿ ಹರಕೆಯ ಮುಡಿ ಕೊಡಬೇಕು ಎನ್ನುತ್ತಿದ್ದಾರೆ. ತಲೆಯಲ್ಲಿ ಉಳಿದಿರುವುದೇ ನಾಲ್ಕು ಕೂದಲು. ದತ್ತಾತ್ರೇಯನಿಗೂ ಐಪಿಎಲ್‌ಗೂ ಏನು ಸಂಬಂಧ?
– ಗೃಹಿಣಿ, ಅಫಜಲಪುರ

ಉತ್ತರ: ಆ ನಾಲ್ಕು ಕೂದಲಿನದೇ ಸಂಬಂಧ. ಹೋಗಲಿ, ನೀನೂ ಜೊತೆಗೆ ಹೋಗು, ಮಧ್ಯಾಹ್ನದ ಭಿಕ್ಷೆಯ ಹೊತ್ತಿಗೆ ಸರಿಯಾಗಿ. ಆ ಹೊತ್ತಿಗೆ ಸ್ವಾಮಿ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ ಅಲ್ಲಿದೆ. ಕೆಂಪು ಜೆರ್ಸಿ ತೊಟ್ಟವನು ಯಾರಾದರೂ ಕೈಯೊಡ್ಡಿದರೆ ಒಂದು ರೊಟ್ಟಿ ಹೆಚ್ಚಿಗೆ ಹಾಕು.