ನೆನಪಿನಲ್ಲಿ ಉಳಿಯುವ ಮಾತುಗಳು ಯಾವುವು, ಅವನ್ನು ಬಳಸುವುದು ಹೇಗೆ?

ಬದುಕು, ಸಂಬಂಧ, ಸಮಾಜದ ಬಗ್ಗೆ ಭಾಷಣಕ್ಕೂ ಕಥೆಗೂ ಒದಗುವ ಮಾತುಗಳು ಬೇಕು ಅಂತ ಕೇಳಿದ್ದೀರಿ. ಉದ್ದನೆಯ ಪಟ್ಟಿ ಕೊಟ್ಟರೆ ಅದು ಹೊತ್ತಿಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ಮಾತು ನೆನಪಿನಲ್ಲಿ ಯಾಕೆ ನಿಲ್ಲುತ್ತದೆ ಅಂತ ತಿಳಿದರೆ ಆರಿಸುವುದು ಸುಲಭ.

ಮೊದಲನೆಯದು ಪ್ರಾಸ. ‘ಕೈ ಕೆಸರಾದರೆ ಬಾಯಿ ಮೊಸರು’, ‘ತಾಳಿದವನು ಬಾಳಿಯಾನು’, ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’. ಕೆಸರು-ಮೊಸರು, ತಾಳಿ-ಬಾಳಿ, ಗಂಡ-ಉಂಡು: ಮೂರರಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ. ಹಳಗನ್ನಡ ಕಾವ್ಯದ ಆದಿಪ್ರಾಸವೂ ಇದೇ. ‘ಗಂಡ ಹೆಂಡತಿಯ ಜಗಳ ಊಟ ಮಾಡಿ ಮಲಗುವವರೆಗೆ’ ಅಂದು ನೋಡಿ. ಅರ್ಥ ಹಾಗೇ ಇದೆ, ಗಾದೆ ಹೋಯಿತು. ಹಾಗಾಗಿ ಗಾದೆಯನ್ನು ‘ಶುದ್ಧ’ ಮಾಡಲು ಹೋಗಬೇಡಿ.

ಎರಡನೆಯದು, ಹೇಳದೆ ಬಿಟ್ಟದ್ದು. ನನಗೆ ತುಂಬ ಇಷ್ಟವಾದ ಗಾದೆ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’. ನಾಲ್ಕೇ ಪದ. ಮಡಕೆ ಅನ್ನುವ ಪದವಿಲ್ಲ, ಒಡೆಯಿತು ಅನ್ನುವ ಕ್ರಿಯಾಪದವೂ ಇಲ್ಲ. ಮಡಕೆ ಒಡೆಯುವುದು ಕೇಳುವವನ ತಲೆಯೊಳಗೆ. ವರ್ಷಗಟ್ಟಲೆ ಬೆಳೆಸಿದ ಸ್ನೇಹ ಒಂದು ಮಾತಿಗೆ ಮುರಿದಾಗ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಇದನ್ನು ಹೇಳಿದ ಮೇಲೆ ‘ಅಂದರೆ...’ ಅಂತ ವಿವರಿಸಲು ಶುರುಮಾಡಿದಿರೋ, ಅದರ ಪೆಟ್ಟೇ ಕಳೆದುಹೋಗುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಕೂಡ ಇದೇ ಅಚ್ಚಿನದು; ಬಲವಂತರು, ಬಡವರ ನಡುವಿನ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಐದು ನಿಮಿಷದ ಭಾಷಣಕ್ಕೆ ಇಂಥದ್ದು ಒಂದು ಸಾಕು, ಎರಡು ಹೆಚ್ಚು. ಕಥೆಯಲ್ಲಾದರೆ ನಿರೂಪಕನ ಬಾಯಲ್ಲಿ ಕೊನೆಗೆ ಇಡಬೇಡಿ, ನೀತಿಪಾಠವಾಗುತ್ತದೆ. ನಡುವೆ, ಜಗಳ ಬಿಸಿಯೇರಿದಾಗ, ಒಂದು ಪಾತ್ರ ಅರ್ಧ ಗಾದೆ ಹೇಳಿ ನಿಲ್ಲಿಸಲಿ. ಉಳಿದರ್ಧ ಓದುಗನಿಗೆ ಗೊತ್ತಿರುತ್ತದೆ.

ಸಂದರ್ಭ ನೋಡದೆ ಆಡಿದ ಗಾದೆ ನೋಯಿಸುತ್ತದೆ. ಗಂಡನಿಂದ ಏಟು ತಿಂದು ಬಂದ ಹೆಣ್ಣುಮಗಳಿಗೆ ‘ಉಂಡು ಮಲಗುವ ತನಕ’ ಅನ್ನುವುದು ಸಮಾಧಾನವಲ್ಲ, ಬಾಯಿ ಮುಚ್ಚಿಸುವುದು. ‘ತಾಳಿದವನು ಬಾಳಿಯಾನು’ ಕೂಡ ಅಷ್ಟೇ: ತಾಳುತ್ತಿರುವವರು ತಮಗೆ ತಾವೇ ಹೇಳಿಕೊಂಡರೆ ಬಲ, ತಾಳುವಂತೆ ಮಾಡಿದವರು ಹೇಳಿದರೆ ಅನ್ಯಾಯ.

ಇನ್ನು ವಚನಗಳ ವಿಷಯ. ವಾಟ್ಸ್‌ಆಪ್‌ನಲ್ಲಿ ಬಂದದ್ದಕ್ಕೆಲ್ಲ ಬಸವಣ್ಣನವರ ಹೆಸರು ಅಂಟಿರುತ್ತದೆ. ವೇದಿಕೆಯಲ್ಲಿ ಹೆಸರು ಹೇಳುವ ಮುಂಚೆ ಅಂಕಿತ, ಅಂದರೆ ವಚನಕಾರರು ಗುರುತಾಗಿ ವಚನದಲ್ಲಿ ಇಡುವ ದೇವರ ಹೆಸರು, ನೋಡಿ: ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನದು ಗುಹೇಶ್ವರ. ಸರ್ವಜ್ಞನ ತ್ರಿಪದಿಯ ಕೊನೆಗೆ ಅವನ ಹೆಸರೇ ಬರುತ್ತದೆ. ‘ಕಾಯಕವೇ ಕೈಲಾಸ’ ಬಸವಣ್ಣನವರ ವಚನದ್ದು ಅಂತ ಬಹಳ ಜನ ಹೇಳುತ್ತಾರೆ. ‘ಕಾಯಕವೆ ಕೈಲಾಸವಾದ ಕಾರಣ’ ಅನ್ನುವ ಸಾಲು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಅದರ ಅಂಕಿತ ಅಮರೇಶ್ವರಲಿಂಗ. ಅವನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಹೆಸರು ಸೇರಿಸಿ ಹೇಳಿ, ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ಅಂಕಿತವೇ ಇಲ್ಲದ ಸಾಲಾದರೆ ಯಾರ ಹೆಸರನ್ನೂ ಹಾಕದೆ ‘ಹಿರಿಯರ ಮಾತು’ ಅಂದುಬಿಡಿ.