ಹೊಸ ರಾಣಿ ಬಿಟ್ಟ ಮರುದಿನವೇ ಜೇನುನೊಣಗಳು ಕೊಂದು ಹಾಕಿವೆ, ಯಾಕೆ?

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಆರು ತುಡುವೆ ಜೇನು ಪೆಟ್ಟಿಗೆಗಳಿವೆ. ಒಂದರಲ್ಲಿ ರಾಣಿ ಕಾಣಲಿಲ್ಲ. ಪರಿಚಯದವರು ಮೊಟ್ಟೆ ಇಡುತ್ತಿದ್ದ ರಾಣಿಯೊಂದನ್ನು ಕೊಟ್ಟರು. ಸಂಜೆ ಎರಿಯ (ನೊಣಗಳು ಕಟ್ಟಿದ ಮೇಣದ ತಟ್ಟೆಯ) ಮೇಲೆ ಬಿಟ್ಟೆ, ಬೆಳಗ್ಗೆ ಬಾಗಿಲಲ್ಲಿ ಸತ್ತು ಬಿದ್ದಿತ್ತು. ಇನ್ನೊಂದು ತರಬಹುದಾ?

ಉತ್ತರ: ತರಬಹುದು, ಆದರೆ ಮೊದಲು ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿ. ರಾಣಿ ಕಾಣಲಿಲ್ಲ ಅಂದಮಾತ್ರಕ್ಕೆ ರಾಣಿ ಇಲ್ಲ ಅಂತಲ್ಲ, ತುಡುವೆ ರಾಣಿ ಬೆಳಕು ಬಿದ್ದರೆ ಓಡಿ ಮರೆಯಾಗುತ್ತದೆ. ಹಾಗಾಗಿ ರಾಣಿಯನ್ನಲ್ಲ, ಮೊಟ್ಟೆ ಹುಡುಕಿ. ಕಣದ (ಎರಿಯ ಪುಟ್ಟ ಕೋಣೆಯ) ತಳದಲ್ಲಿ ಒಂದೊಂದೇ ಮೊಟ್ಟೆ ಇದ್ದರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಇತ್ತು ಅಂತ ಲೆಕ್ಕ, ಯಾಕಂದ್ರೆ ಮೊಟ್ಟೆ ಮೂರೇ ದಿನಕ್ಕೆ ಒಡೆದು ಮರಿಯಾಗುತ್ತದೆ. ಎರಿಯ ಅಂಚಿನಲ್ಲಿ ಶೇಂಗಾಕಾಯಿ ಥರ ರಾಣಿ ಕಣ ಜೋತಾಡುತ್ತಿದ್ದರೆ ಅವೇ ಹೊಸ ರಾಣಿ ಮಾಡಿಕೊಳ್ಳುತ್ತಿವೆ. ಈ ಎರಡರಲ್ಲಿ ಯಾವುದಿದ್ದರೂ ಹೊರಗಿನ ರಾಣಿಯನ್ನು ಒಪ್ಪೋದು ಕಷ್ಟ. ಒಂದೇ ಕಣದಲ್ಲಿ ಮೂರ್ನಾಲ್ಕು ಮೊಟ್ಟೆ ಕಂಡರೆ ಕೆಲಸಗಾರ ನೊಣಗಳೇ ಇಡಲು ಶುರು ಮಾಡಿವೆ, ಅದರಲ್ಲಿ ಹುಟ್ಟೋದು ಗಂಡು ನೊಣ ಮಾತ್ರ. ಅಂಥ ಪೆಟ್ಟಿಗೆಗೆ ಒಳ್ಳೇ ರಾಣಿ ಕೊಟ್ಟು ಹಾಳು ಮಾಡಬೇಡಿ, ನಡುವೆ ಪೇಪರ್ ಹಾಕಿ ಬಲವಾದ ಕುಟುಂಬದ ಜೊತೆ ಸೇರಿಸಿಬಿಡಿ.

ನಿಜವಾಗಿಯೂ ರಾಣಿ ಇಲ್ಲದಿದ್ದರೂ ನೇರ ಬಿಟ್ಟಿದ್ದು ತಪ್ಪೇ. ನೊಣಕ್ಕೆ ಗುರುತು ಅಂದರೆ ವಾಸನೆ. ಬೇರೆ ಮನೆಯ ವಾಸನೆ ಬಂದರೆ ಸುತ್ತ ಮುತ್ತಿ ಉಂಡೆ ಕಟ್ಟಿ ಕೊಲ್ಲುತ್ತವೆ. (ಉಂಡೆ ಕಣ್ಣಿಗೆ ಬಿದ್ದರೆ ಹಾಗೇ ನೀರಿನ ಬಟ್ಟಲಿಗೆ ಹಾಕಿ, ಬಿಡಿಬಿಡಿಯಾಗುತ್ತವೆ, ರಾಣಿ ಉಳಿಯಬಹುದು.) ಅದಕ್ಕೇ ಸಣ್ಣ ತಂತಿ ಜಾಲರಿಯನ್ನು ಹೆಬ್ಬೆರಳು ಗಾತ್ರಕ್ಕೆ ಸುತ್ತಿ ಪಂಜರ ಮಾಡಿ, ರಾಣಿಯನ್ನು ಅದರೊಳಗೆ ಬಿಟ್ಟು, ಮರಿ ಇರುವ ಎರಿಗಳ ನಡುವೆ ಮೂರು ದಿನ ಇಡಿ. ಸಕ್ಕರೆ ಪಾಕವನ್ನೂ ಕೊಡಿ, ಹೊಟ್ಟೆ ತುಂಬಿದ ಕುಟುಂಬಕ್ಕೆ ಸಿಟ್ಟು ಕಡಿಮೆ.

ಮೂರನೇ ದಿನ ಪಂಜರ ಎತ್ತಿ ನೋಡಿ. ನೊಣಗಳು ಜಾಲರಿ ಕಚ್ಚಿ ಹಿಡಿದು ಬೆರಳಲ್ಲಿ ಸರಿಸಿದರೂ ಬಿಡದಿದ್ದರೆ ಇನ್ನೂ ಕೋಪ ಇದೆ, ಎರಡು ದಿನ ಕಾಯಿರಿ. ಆರಾಮಾಗಿ ಓಡಾಡುತ್ತಾ ನಾಲಿಗೆ ಚಾಚಿ ಉಣಿಸುತ್ತಿದ್ದರೆ ಪಂಜರದ ಬಾಯಿಯ ಮುಚ್ಚಳ ತೆಗೆದು, ಜೇನುತುಪ್ಪದಲ್ಲಿ ಗಟ್ಟಿಯಾಗಿ ಕಲಸಿದ ಸಕ್ಕರೆ ಪುಡಿಯನ್ನು ತುಂಬಿಬಿಡಿ. ಅದನ್ನು ತಿಂದು ಮುಗಿಸುವಷ್ಟರಲ್ಲಿ ರಾಣಿ ತಾನಾಗಿ ಹೊರಬರುತ್ತದೆ. ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿ, ಅಂಗಡಿಯ ಪುಡಿಯಲ್ಲಿ ಮೆಕ್ಕೆಜೋಳದ ಹಿಟ್ಟು (ಕಾರ್ನ್ ಫ್ಲೋರ್) ಬೆರೆತಿರಬಹುದು. ಆಮೇಲೆ ಒಂದು ವಾರ ಪೆಟ್ಟಿಗೆ ತೆರೆಯಬೇಡಿ. ಕುತೂಹಲ ತಡೆಯೋದೇ ಕಷ್ಟ, ಅಲ್ವಾ?

ನಾನಾಗಿದ್ದರೆ ಹೊರಗಿನಿಂದ ರಾಣಿಯನ್ನೇ ತರುತ್ತಿರಲಿಲ್ಲ. ಇನ್ನೂ ಐದು ಪೆಟ್ಟಿಗೆ ಇವೆಯಲ್ಲ, ಅವುಗಳಲ್ಲಿ ಜಾಸ್ತಿ ಬಲವಾಗಿರುವ ಪೆಟ್ಟಿಗೆಯಿಂದ ಹೊಸ ಮೊಟ್ಟೆ ಇರುವ ಒಂದು ಎರಿಯನ್ನು, ನೊಣ ಕೊಡವಿ, ಇದಕ್ಕೆ ಹಾಕುತ್ತಿದ್ದೆ. ಅವೇ ರಾಣಿ ಬೆಳೆಸಿಕೊಳ್ಳುತ್ತವೆ, ಸುಮಾರು 16 ದಿನದ ಕೆಲಸ. ಆದರೆ ಹೊಸ ರಾಣಿ ಹಾರಿ ಗಂಡು ನೊಣದ ಜೊತೆ ಸೇರಿ ಬರಬೇಕು. ಜಡಿಮಳೆಯಲ್ಲಿ ಅದಾಗದು. ಆಗ ಪಂಜರವೇ ಗತಿ.