ಪುಸ್ತಕ ಬಂದಿದೆ ಎಂದು ತಿಳಿಸುವವರು ಯಾರು?

ಪ್ರಶ್ನೆ: ಸರ್ಕಾರದ ಡಿಜಿಟಲ್ ಗ್ರಂಥಾಲಯ ಮೊಬೈಲಿನಲ್ಲೇ ಸಿಗುವಾಗ ಪಂಚಾಯಿತಿಗೊಂದು ಗ್ರಂಥಾಲಯ ನಡೆಸುವುದು ದಂಡವಲ್ಲವೇ? ಆ ಹಣದಲ್ಲಿ ಟವರ್ ಹಾಕಿಸಬಹುದಲ್ಲ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಟವರ್ ಬೇಕೆಂಬ ನಿಮ್ಮ ಮಾತಿಗೆ ನಮ್ಮ ತಕರಾರಿಲ್ಲ, ಲಾಕ್‌ಡೌನ್ ಕಾಲದಲ್ಲಿ ಸಿಗ್ನಲ್ಲಿಗಾಗಿ ಮಕ್ಕಳು ಛತ್ರಿ ಹಿಡಿದು ಗುಡ್ಡ ಹತ್ತಿದ್ದನ್ನು ಮಲೆನಾಡು ಮರೆತಿಲ್ಲ. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಉಪಕಾರವಾಗಿರುವುದೂ ನಿಜ. ಆದರೆ ಇಷ್ಟು ಚೆನ್ನಾಗಿ ಪತ್ರ ಬರೆಯಬಲ್ಲ ತಾವು ಗ್ರಂಥಾಲಯವನ್ನೇ ಮೊಬೈಲಿನೊಳಗೆ ತುಂಬಲು ಹೊರಟದ್ದು ನಮಗೆ ಸರಿಕಾಣಲಿಲ್ಲ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಬರಿದಾದ ಮೇಲೆ ನಿಮ್ಮ ಆ್ಯಪ್ ಏನು ಮಾಡೀತು? ಕನ್ನಡದ ಹಳೆಯ ಪುಸ್ತಕಗಳಲ್ಲಿ ಬಹುಪಾಲು ಪುಟದ ಚಿತ್ರ ತೆಗೆದು ಏರಿಸಿದವು. ಸಣ್ಣ ಪರದೆಯ ಅಳತೆಗೆ ಅಕ್ಷರ ಹೊಂದಿಕೊಳ್ಳದೆ, ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆದಾಡುತ್ತ ಒಂದು ಕಾದಂಬರಿ ಮುಗಿಸಿದವರಿದ್ದರೆ ಅವರಿಗೆ ನಮ್ಮ ನಮಸ್ಕಾರ.

ಮೊಬೈಲಿನಿಂದ ಆಗಬೇಕಾದ ಕೆಲಸ ಬೇರೆಯೇ ಇದೆ. ಸೇತುವೆ ಆಗುವ ಮುನ್ನ ತುಮರಿ ಕಡೆಯ ಹಿರಿಯರೊಬ್ಬರು ಲಾಂಚಿನಲ್ಲಿ ಶರಾವತಿಯ ಹಿನ್ನೀರು ದಾಟಿ, ಬಸ್ಸು ಹಿಡಿದು ಪೇಟೆಯ ಗ್ರಂಥಾಲಯಕ್ಕೆ ಬರುತ್ತಿದ್ದರು. ಬೇಕಾದ ಪುಸ್ತಕವನ್ನು ಬೇರೊಬ್ಬರು ಒಯ್ದಿದ್ದರೆ ಅಂದಿನ ತೋಟದ ಕೆಲಸವೂ ಕೆಟ್ಟಿತು, ಓದೂ ಇಲ್ಲ. ಇಂಥವರಿಗೆ ಬೇಕಾದದ್ದು ಒಂದು ಎಸ್‌ಎಂಎಸ್. ಅದಕ್ಕೆ ಇಂಟರ್‌ನೆಟ್ ಬೇಡ, ಗುಂಡಿಯೊತ್ತುವ ಹಳೆಯ ಫೋನು ಸಾಕು, ಸಿಗ್ನಲ್ ಇಲ್ಲದಾಗ ಕಳಿಸಿದ್ದು ಸಿಗ್ನಲ್ ಬಂದಾಗ ತಲುಪುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಕಾಗುಣಿತ, ಒತ್ತುಗಳನ್ನೂ ಎಣಿಸಿ ಕನ್ನಡದ 70 ಚಿಹ್ನೆಗಳಷ್ಟೇ ಹಿಡಿಸುತ್ತವೆ ಎಂದು ಮೂಗು ಮುರಿಯುವವರಿದ್ದಾರೆ. ‘ನೀವು ಕೇಳಿದ ಪುಸ್ತಕ ಬಂದಿದೆ, ಶನಿವಾರದವರೆಗೆ ತೆಗೆದಿರಿಸಿದ್ದೇವೆ’ ಎಂಬುದು ಅದರಲ್ಲಿ ಧಾರಾಳವಾಗಿ ಹಿಡಿಸುತ್ತದೆ. ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ರೂಪುಗೊಂಡು 2000ದಿಂದ ಬಳಕೆಯಲ್ಲಿರುವ, ಪುಸ್ತಕಗಳ ಲೆಕ್ಕವಿಡುವ ಕೋಹಾ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಎಸ್‌ಎಂಎಸ್ ಸೇವೆಯೊಂದನ್ನು ಜೋಡಿಸಿಕೊಟ್ಟರೆ ಇಂಥ ಸಂದೇಶವನ್ನೂ, ವಾಯಿದೆ ಮುಗಿದ ನೆನಪೋಲೆಯನ್ನೂ ಅದೇ ಕಳಿಸುತ್ತದೆ. ಯಾವ ಪುಸ್ತಕ ಕಪಾಟಿನಲ್ಲಿದೆ, ಯಾವುದು ಹೊರಗೆ ಹೋಗಿದೆ ಎಂಬುದನ್ನೂ ಮನೆಯಿಂದಲೇ ಫೋನಿನಲ್ಲಿ ನೋಡಬಹುದು. ಓದುಗನ ಸಮಯ ಉಳಿಸಬೇಕೆಂಬ ಸೂತ್ರವನ್ನು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಬರೆದದ್ದು 1931ರಲ್ಲಿ. ಬದುಕಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದ ಆ ಹಿರಿಯರ ಮಾತು ಸಮಾರಂಭದ ಭಾಷಣಗಳನ್ನು ದಾಟಿ ಬರಲಿಲ್ಲ.

ಇದಕ್ಕೆಲ್ಲ ಮೊದಲು ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಮನುಷ್ಯರು ಬೇಕು. ಆ್ಯಪ್ ಉದ್ಘಾಟನೆಗೆ ಸಾಲುಗಟ್ಟಿ ಬರುವವರು ಗ್ರಂಥಪಾಲಕರ ಸಂಬಳದ ಮಾತು ಬಂದರೆ ಗಡಿಯಾರ ನೋಡುತ್ತಾರೆ. ಹಾಗೆಂದು ಹಣದ ದಾರಿ ಇಲ್ಲವೆಂದಲ್ಲ: 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನೀವು ಕಟ್ಟುವ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲಂತೂ ಕೇಳಬೇಕಾದ ಜಾಗ ನಿಮ್ಮೂರಿನಲ್ಲೇ ಇದೆ. ಕಳೆದ ವರ್ಷ ಸಂಗ್ರಹವಾದ ಕರ ಎಷ್ಟು, ಅದರಲ್ಲಿ ಪುಸ್ತಕಕ್ಕೆ ಹೋದದ್ದೆಷ್ಟು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಬಂದ ಉತ್ತರವನ್ನು ನಮಗೆ ಬರೆದು ಕಳಿಸಿ; ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ.